ಪಾಲಕ್‌ಗೆ ಚಳಿ ಹಿಡಿಸಿದ್ದು

ಪಾಲಕ್ ದಂಟನ್ನು ಹಿಂಡಿ, ಎರಡು ಹನಿ ರಸವನ್ನು ಸಿಹಿ ಅಳೆಯುವ ಮೀಟರಿಗೆ ಬಿಟ್ಟು, ನನ್ನ ಗಂಡನ ಅಣ್ಣ ತೊಮೆಜಿ ಕಣ್ಣು ಕಿರಿದು ಮಾಡಿ ನೋಡಿದರು.

"ಏಳೂವರೆ. ಎಂಟು ಇರ್ಬೇಕಿತ್ತು. ಹೋಗ್ಲಿ ಬಿಡು ಮಿನೆ, ಎಂಟು ಅಂತಾನೇ ಬರ್ಕೋತೀನಿ. ಗಂಡ ಇಲ್ದೋಳು, ನಿಂಗಲ್ದೆ ಇನ್ಯಾರಿಗೆ ಮಾಡ್ಲಿ."

ನನಗೆ ಮೈಯೆಲ್ಲ ಉರಿದುಹೋಯಿತು. ಜಪಾನಿನ ನಮ್ಮ ಇವಾತೆ ಸೀಮೆಯ ಪಾಲಕ್ ಸಂಘಕ್ಕೆ ಭಾವನೇ ಮುಖ್ಯಸ್ಥರು. ಎಂಟು ಮುಟ್ಟದ ಸೊಪ್ಪಿಗೆ ಸಂಘದ ಚೀಟಿ ಅಂಟಿಸುವಂತಿಲ್ಲ. ಮೂರು ವರ್ಷ ಮುಟ್ಟದವರು ಸಂಘದಿಂದಲೇ ಹೊರಗೆ, ಅವರ ಪಾಲಿಹೌಸ್ ಬೇರೆಯವರ ಪಾಲು. ನನಗೆ ಇದು ಮೂರನೆಯ ವರ್ಷ. ಹಾಗೆಂದು ಭಿಕ್ಷೆಯ ಎಂಟನ್ನು ತೆಗೆದುಕೊಂಡರೆ ಸಾಯುವ ತನಕ ಇವರ ಮುಂದೆ ತಲೆ ತಗ್ಗಿಸಿಕೊಂಡಿರಬೇಕು.

"ಬರ್ಕೋಬೇಡಿ ಭಾವ. ಹತ್ತು ದಿನ ಬಿಟ್ಟು ಬನ್ನಿ."

"ಹತ್ತು ದಿನಾನಾ? ಅಷ್ಟರೊಳಗೆ ಮೈನಸ್ ಹದಿನಾಲ್ಕಕ್ಕೆ ಇಳಿಯುತ್ತೆ ಅಂತಿದಾರೆ. ಪರದೆ ಮುಚ್ಚಿ ಇರೋದನ್ನ ಉಳಿಸ್ಕೋ."

"ಮುಚ್ಚಿ ಮುಚ್ಚಿ ತಾನೆ ಎರಡು ವರ್ಷ ಕೆಡಿಸ್ಕೊಂಡಿದ್ದು."

ನಿಜ ಹೇಳಬೇಕೆಂದರೆ ತಪ್ಪು ನನ್ನದೇ. ಪಾಲಕ್ ಗೇಣುದ್ದ ಬೆಳೆದ ಮೇಲೆ ಇಲ್ಲಿ ಎಲ್ಲರೂ ಪಾಲಿಹೌಸಿನ ಪಕ್ಕದ ಪ್ಲಾಸ್ಟಿಕ್ ಪರದೆ ಎತ್ತಿ, ಜನವರಿಯ ಗಾಳಿಯನ್ನು ಬೇಕೆಂದೇ ಒಳಗೆ ಬಿಡುತ್ತಾರೆ. ಚಳಿ ತಿಂದ ಗಿಡ ಬೆಳೆಯುವುದನ್ನು ನಿಲ್ಲಿಸಿ, ಹೆಪ್ಪುಗಟ್ಟಿ ಸಾಯದಿರಲೆಂದು ಎಲೆಯಲ್ಲಿ ಸಕ್ಕರೆ ಕೂಡಿಡುತ್ತದೆ. ಜೊತೆಗೆ ವಿಟಮಿನ್ನೂ ಹೆಚ್ಚುತ್ತದೆ. ನಾನೋ, ಸಂಜೆಯಾದರೆ ಸಾಕು, ಅಯ್ಯೋ ಪಾಪ ಎಂದು ಪರದೆ ಇಳಿಸಿಬಿಡುತ್ತಿದ್ದೆ. ಸೊಪ್ಪು ಬೆಚ್ಚಗಿದ್ದು ಬರೀ ನೀರಾಗುತ್ತಿತ್ತು.

ಭಾವ ಅತ್ತ ಹೋದದ್ದೇ ತಡ, ಎರಡೂ ಪಕ್ಕದ ಪರದೆ ಎತ್ತಿ ಹಗ್ಗವನ್ನು ಬಿಚ್ಚಲಾಗದಂತೆ ಬಿಗಿದೆ. ನನ್ನ ಮೇಲೆ ನನಗೇ ನಂಬಿಕೆ ಇರಲಿಲ್ಲ. ದಿನದಿಂದ ದಿನಕ್ಕೆ ಎಲೆಗಳು ಸುಕ್ಕುಗಟ್ಟಿ, ಕಡುಹಸಿರಾಗಿ, ನೆಲಕ್ಕೆ ಒತ್ತಿಕೊಂಡವು. ಆದರೂ ಹಗ್ಗ ಮುಟ್ಟಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ಭಾವ ಸಂಘದ ಇಬ್ಬರನ್ನು ಕರೆದುಕೊಂಡೇ ಬಂದರು. ಮೈನಸ್ ಹದಿನಾಲ್ಕು ಬಂದುಹೋಗಿತ್ತು. ಎಲೆಗಳು ಗಾಜಿನ ಹಾಗೆ ಸೆಟೆದಿದ್ದವು.

"ಸತ್ತೋಗಿದೆ. ಹಟಕ್ಕೂ ಒಂದು ಮಿತಿ ಬೇಡ್ವೇನೆ?" ಎನ್ನುತ್ತ ಕೀಳಲು ಬಗ್ಗಿದರು.

"ಕೈ ಹಚ್ಚಬೇಡಿ, ಮುರಿಯುತ್ತೆ. ಬಿಸಿಲು ಬರೋ ತನಕ ಕೂತ್ಕೊಳ್ಳಿ."

ಖಾಲಿ ಕ್ರೇಟುಗಳನ್ನು ಮಗುಚಿ ಹಾಕಿದೆ. ಮೂವರೂ ಕುಳಿತರು. ನನಗೆ ಕೂರಲಾಗಲಿಲ್ಲ.

ಒಂದು ತಾಸಿನ ಮೇಲೆ ಬಿಸಿಲು ಬಿತ್ತು. ಎಲೆಗಳ ಮೇಲಿನ ಹಿಮ ಕರಗಿತು. ಒಂದು ಎಲೆಯೂ ಜೋತುಬೀಳಲಿಲ್ಲ. ನಾನೇ ದಂಟು ಹಿಂಡಿ ಮೀಟರನ್ನು ಭಾವನ ಕೈಗಿಟ್ಟೆ. ನೋಡಿದರು. ಒರೆಸಿ, ಬೇರೆ ಗಿಡದ ರಸ ಬಿಟ್ಟು, ಮತ್ತೆ ನೋಡಿದರು.

"ಹನ್ನೊಂದು" ಎಂದರು, ಗಂಟಲೊಳಗೇ.

"ಜೋರಾಗಿ ಹೇಳಿ ಭಾವ. ಅವರಿಬ್ಬರಿಗೂ ಕೇಳಿಸ್ಲಿ."

"ಹನ್ನೊಂದು ಅಂದ್ನಲ್ಲೇ ಮಾರಾಯ್ತಿ."

"ಹಾಗಾದ್ರೆ ಹನ್ನೊಂದೇ ಬರ್ಕೊಳ್ಳಿ. ಗಂಡ ಇಲ್ದೋಳು ಅಂತ ಹನ್ನೆರಡು ಮಾಡ್ಬೇಡಿ."