ಗುಡ್ಡದ ಮೇಲೆ ಬಾರಿಸಿದ ಹೊಳೆಯ ಗಂಟೆ

ನಾನು ಎರಡು ಮೊಳ ಉದ್ದದ ರೈಲು ಹಳಿಯ ತುಂಡು. ಹುಟ್ಟಿದ್ದು ಬಿಳಿಯರ ದೇಶದ ಕುಲುಮೆಯಲ್ಲಿ. ಹಡಗಿನಲ್ಲಿ ಬಂದು, ಅವರ ಹತ್ತಿಯ ಗಾಡಿಗಳನ್ನು ಬೆನ್ನ ಮೇಲೆ ಹೊತ್ತು ಸವೆದೆ. ಅವರು ದೇಶ ಬಿಟ್ಟು ಹೋದರು. ನನ್ನನ್ನು ಯಾರು ಕರೆದೊಯ್ಯುತ್ತಾರೆ? ಕತ್ತರಿಸಿ ಗುಜರಿಗೆ ಹಾಕಿದರು. ತೆಗ್ಗಿನಾಳದ ಮಾಸ್ತರರೊಬ್ಬರು ತಂದು ಶಾಲೆಯ ಬೇವಿನ ಮರಕ್ಕೆ ನೇತುಹಾಕಿದ ಮೇಲೆ ನಾನು ಗಂಟೆಯಾದೆ. ಮೊದಲು ಕನ್ನಡ ಬರುತ್ತಿರಲಿಲ್ಲ, ಮಗ್ಗಿ ಕೇಳಿ ಕೇಳಿ ಕಲಿತೆ.

ಊರು ಹೊಳೆಯ ದಂಡೆಯಲ್ಲಿತ್ತು. ಹತ್ತು ಪೆಟ್ಟು ಬಿದ್ದರೆ ಶಾಲೆ. ಬಿಡದೆ ಬಾರಿಸಿದರೆ ಹೊಳೆ ಬಂತೆಂದು ಅರ್ಥ. ಜನ ಗಂಟುಮೂಟೆ ಹೊತ್ತು ದಿಬ್ಬಕ್ಕೆ ಓಡುತ್ತಿದ್ದರು. ಬಾರಿಸುವವಳು ಶಾಲೆಯ ಕಸ ಗುಡಿಸುವ ಬಾಳವ್ವ.

ಆಮೇಲೆ ಅಣೆಕಟ್ಟು ಬಂತು. ಈ ಸಲ ಬಂದ ನೀರು ಇಳಿಯುವುದಿಲ್ಲ ಎಂದು ಸರಕಾರವೇ ಹೇಳಿತು. ಜನರನ್ನು ದೂರದ ಗರಸು ಕಲ್ಲಿನ ಗುಡ್ಡದ ಮೇಲೆ ತಂದಿಟ್ಟರು. ಬಾಳವ್ವ ಪಾತ್ರೆಪಗಡಗಳ ಜೊತೆ ನನ್ನನ್ನೂ ಚಕ್ಕಡಿಗೆ ಹಾಕಿಕೊಂಡಳು.

ಗುಡ್ಡದಲ್ಲಿ ಶಾಲೆ ಇರಲಿಲ್ಲ. ಮಕ್ಕಳು ಪಕ್ಕದೂರಿಗೆ ಹೋದರು. ಅಲ್ಲಿ ನಮ್ಮ ಮಕ್ಕಳಲ್ಲಿ ಯಾರಿಗೂ ಹೆಸರಿಲ್ಲ, ಎಲ್ಲರೂ 'ಮುಳುಗಡೆಯವರು'. ಕೂರಲು ಹಿಂದಿನ ಸಾಲು, ನೀರಿಗೆ ಬೇರೆ ಕೊಡ. ಒಂದು ಸಂಜೆ ಬಾಳವ್ವನ ಮೊಮ್ಮಗಳು ಚೆನ್ನಿ ಕೇಳಿದಳು: "ಆಯಿ, ಮುಳುಗಡಿ ಅಂದ್ರ ನಮ್ಮ ಜಾತಿ ಏನ?"

ಬಾಳವ್ವನಿಗೆ ಪಿತ್ತ ನೆತ್ತಿಗೇರಿತು. ಇನ್ನೂ ನೀರು ಕಾಣದ ಟಾಕಿಯ ಕಂಬಿಗೆ ನನ್ನನ್ನು ಕಟ್ಟಿ, ಸಿಟ್ಟಿನಲ್ಲಿ ಎಣಿಕೆ ಮರೆತು ಬಡಿದೇ ಬಡಿದಳು. ತಗಡಿನ ಮನೆಗಳಿಂದ ಜನ ಗಂಟು ಹೊತ್ತು ಹೊರಬಿದ್ದರು.

"ಹೊಳಿ ಬಂತು! ಹೊಳಿ ಬಂತು!"

ಮುದುಕ ಯಂಕಪ್ಪ ದಿಬ್ಬ ಎಲ್ಲಿದೆಯೆಂದು ಹುಡುಕಿದ. ನಿಂತಿದ್ದೇ ಗುಡ್ಡದ ಮೇಲೆ, ಕುಡಿಯಲು ಹನಿ ನೀರಿಲ್ಲದ ಕಡೆ! ಮೊದಲು ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಗಂಟು ಕೆಳಗಿಟ್ಟು ಅತ್ತರು. ನನಗೂ ಸಂಕಟವಾಯಿತು, ಪರದೇಶಿಯ ಪಾಡು ನನಗೆ ಗೊತ್ತಿಲ್ಲವೇ?

ಬಾಳವ್ವ ಮಾತ್ರ ಅಳಲಿಲ್ಲ. "ಎಲ್ಲಾರೂ ಬಂದೀರಲ್ಲ, ಚಲೋ ಆತು. ನಾಳಿಂದ ನಮ್ಮ ಮಕ್ಕಳು ಇಲ್ಲೇ ಕುಂದ್ರತಾವು."

ಅವಳಿಗೆ ಅಕ್ಷರ ಬಾರದು. ಆದರೂ ದಿನಾ ತಪ್ಪದೆ ಹತ್ತು ಪೆಟ್ಟು ಹೊಡೆದಳು. ದೊಡ್ಡ ಮಕ್ಕಳು ಸಣ್ಣವರಿಗೆ ಮಗ್ಗಿ ಹೇಳಿಕೊಟ್ಟರು. ಏಳು ತಿಂಗಳ ಮೇಲೆ ಜೀಪಿನಲ್ಲಿ ಸಾಹೇಬರು ಬಂದರು.

"ಇಲ್ಲಿ ಶಾಲೆ ಇದೆ ಅಂತ ಯಾವ ಕಾಗದದಲ್ಲೂ ಇಲ್ಲವಲ್ಲಮ್ಮ?"

"ಗಂಟಿ ಐತ್ರಿ, ಮಕ್ಕಳು ಅದಾವ್ರಿ. ಮಾಸ್ತರ ಒಬ್ಬಾವ ಇಲ್ಲ. ಅವನ್ನ ಕಳಸ್ರಿ, ಕಾಗದ ಆಮ್ಯಾಲ ಬರೀರಿ."

ಮಾಸ್ತರು ಬಂದರು, ಗೋಡೆಗಳೂ ಎದ್ದವು. ಈಗ ಕರೆಂಟಿನ ಗಂಟೆ ಇದೆ. ನಾನು ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದೇನೆ. ಬೇಸರವೇನಿಲ್ಲ. ಮೂಲೆಗೆ ಬಿದ್ದವರಿಗೆ ನೆನಪೇ ಕೆಲಸ, ನನಗೆ ನೆನಪಾಗುವುದು ಮೊದಲ ದಿನದ ಹಾಜರಿ. ಮಾಸ್ತರು ಚೆನ್ನಿಯನ್ನು ಊರು ಯಾವುದೆಂದು ಕೇಳಿದರು.

"ತೆಗ್ಗಿನಾಳರಿ."

"ಅದು ನೀರಾಗ ಹೋತಲ್ಲವಾ?"

"ಹೋದದ್ದು ನೆಲಾರಿ. ಊರು ಇಲ್ಲೇ ಕುಂತೈತಿ, ನೋಡ್ರಿ."

ಮಾಸ್ತರು ಕುಳಿತ ಮಕ್ಕಳನ್ನೊಮ್ಮೆ ನೋಡಿದರು. ಆಮೇಲೆ ನಲವತ್ತೊಂದು ಹೆಸರುಗಳ ಮುಂದೆಯೂ ಒಂದೇ ಊರು ಬರೆದರು.