ಹದಿನೇಳನೇ ನಂಬರಿನ ಶೀಶೆ

ಪುಸ್ತಕ ಓದಿ ಯಾರಾದರೂ ಔಷಧಿ ಬಿಡುತ್ತಾರೆಯೇ? ಈ ಹುಡುಗಿ ಬಿಟ್ಟಳು. ತಾಯಿಯನ್ನು ತಿಂದುಹಾಕಿದ ರಕ್ತದ ಕಾಯಿಲೆಯೇ ಅವಳಿಗೂ ಬಂದಿತ್ತು. ಡಾಕ್ಟರು ಬರೆದುಕೊಟ್ಟ ಮಾತ್ರೆ ಮೂರು ದಿನದಿಂದ ಮೇಜಿನ ಮೇಲೆ ಹಾಗೇ ಕೂತಿತ್ತು. ಎರಡು ವರ್ಷದ ಕೂಸಾಗಿದ್ದಾಗಿನಿಂದ ಅವಳನ್ನು ಸಾಕಿದ, ತಾಯಿಯ ಅಕ್ಕನೇ ಆದ ದೊಡ್ಡಮ್ಮ, ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸಾಗಿದ್ದವಳು, ಬೈದಳು, ಗೋಗರೆದಳು. ಗೋರ್ಕಲ್ಲ ಮೇಲೆ ಮಳೆಗರೆದ ಹಾಗಾಯಿತು.

"ಇಲ್ಲಿ ಕೇಳು ದೊಡ್ಡಮ್ಮ," ಎಂದು ಹುಡುಗಿ ಪುಸ್ತಕ ಬಿಡಿಸಿದಳು. ಔಷಧಿ ಪರೀಕ್ಷೆಯ ಹೆಸರಿನಲ್ಲಿ ರೋಗಿಗಳಿಗಾದ ಅನ್ಯಾಯಗಳನ್ನು ಬರೆದ ಪುಸ್ತಕ ಅದು. ಒಂದು ಅಧ್ಯಾಯವಂತೂ ಪೂರ್ತಿ ದೊಡ್ಡಮ್ಮನ ಆಸ್ಪತ್ರೆಯದೇ.

"ಅರ್ಧ ಜನಕ್ಕೆ ಬಿಳಿ ಮುಚ್ಚಳದ ಶೀಶೆ, ನಿಜವಾದ ಔಷಧಿ. ಇನ್ನರ್ಧಕ್ಕೆ ಕೆಂಪು ಮುಚ್ಚಳದ್ದು, ಬರೀ ಹಿಟ್ಟಿನ ಮಾತ್ರೆ. ರೋಗಿಗಳಿಗೂ ಹೇಳ್ಲಿಲ್ಲ, ನರ್ಸುಗಳಿಗೂ ಹೇಳ್ಲಿಲ್ಲವಂತೆ. ಥೂ, ಇವರೂ ಮನುಷ್ಯರಾ?" ಹಾಳೆ ತಿರುಗಿಸಿದಳು. "ಬಿಳಿ ಶೀಶೆಯವರೆಲ್ಲ ಬದುಕಿದ್ರು, ಹದಿನೇಳನೇ ನಂಬರಿನವಳೊಬ್ಬಳನ್ನ ಬಿಟ್ಟು. ಅಮ್ಮನ ಆಸ್ಪತ್ರೆ ಚೀಟಿ ತೆಗೆದು ನೋಡ್ದೆ. ಹದಿನೇಳು ಅಮ್ಮನೇ. ನಂಗೆ ಬರೆದುಕೊಟ್ಟಿರೋದೂ ಅದೇ ಔಷಧಿ. ನಮ್ಮ ರಕ್ತಕ್ಕೆ ಅದು ಹಿಡಿಯಲ್ಲ ಅಂತಾಯ್ತಲ್ಲ. ಸುಮ್ನೆ ವಾಂತಿ ಮಾಡ್ಕೊಂಡು ಯಾಕೆ ಸಾಯ್ಲಿ?"

ಕೆಂಪು ಶೀಶೆಯಲ್ಲಿ ಹಿಟ್ಟು! ದೊಡ್ಡಮ್ಮ ಕೈಗೆ ಸಿಕ್ಕ ಕುರ್ಚಿ ಎಳೆದುಕೊಂಡು ಕೂತಳು.

ಆಗಿನ ವಾರ್ಡಿನಲ್ಲಿ ಅವಳಷ್ಟು ಚುರುಕು ಕಣ್ಣು ಇನ್ನೊಬ್ಬರಿಗಿರಲಿಲ್ಲ. ಸುಡುಗಾಡು ಚುರುಕು! ಬಿಳಿ ಮುಚ್ಚಳದವರು ವಾಂತಿ ಮಾಡಿ ಮಾಡಿ ಸೋತು ಮಲಗುತ್ತಿದ್ದರು. ಕೆಂಪಿನವರಿಗೆ ಒಂದು ತಲೆನೋವೂ ಇಲ್ಲ. ಬಿಳಿಯದು ವಿಷವೇ ಎಂದು ಅವಳಿಗೆ ಖಾತ್ರಿಯಾಯಿತು. ಡಾಕ್ಟರನ್ನು ಕೇಳಿದರೆ "ನಿನ್ನ ಕೆಲಸ ನೀನು ನೋಡು" ಎಂದು ಗದರಿದರು. ಸರಿ, ನೋಡಿದಳು. ತಂಗಿಯ ಬಿಳಿ ಶೀಶೆಯ ಮಾತ್ರೆಗಳನ್ನು ಪಕ್ಕದ ಮಂಚದವಳ ಕೆಂಪು ಶೀಶೆಗೆ ಸುರಿದು, ಅದರೊಳಗಿದ್ದುದನ್ನು ತಂಗಿಗೆ ತುಂಬಿಸಿದಳು. ಪ್ರತಿ ಸಲ ಹೊಸ ಶೀಶೆ ಬಂದಾಗಲೂ ಹಾಗೇ ಮಾಡಿದಳು. ನಾಲ್ಕು ತಿಂಗಳಿಗೆ ತಂಗಿ ಹೋದಳು. ಪಕ್ಕದವಳು ತನ್ನ ಕಾಲ ಮೇಲೆ ನಡೆದುಕೊಂಡು ಮನೆಗೆ ಹೋದಳು.

ಈಗ ಬಾಯಿ ಮುಚ್ಚಿಕೊಂಡರೆ ನರಪಿಳ್ಳೆಗೂ ತಿಳಿಯದು. ಆದರೆ ಮುಚ್ಚಿಕೊಂಡರೆ ಇವಳೂ ಉಳಿಯುವುದಿಲ್ಲ.

"ಹಿಡಿಯುತ್ತೆ ಕಣೇ ಮಗಾ," ಅಂದಳು. "ನಿಮ್ಮಮ್ಮ ಅದನ್ನ ಎಂಟು ದಿನ ತಿಂದಿದ್ದಷ್ಟೇ. ಆಮೇಲೆ ನಾನೇ ಬದಲಾಯಿಸ್ದೆ." ಒಂದನ್ನೂ ಬಚ್ಚಿಡದೆ ಹೇಳಿದಳು. ಅಳು ಒತ್ತರಿಸಿ ಬಂದರೂ ನಡುವೆ ನಿಲ್ಲಿಸಲಿಲ್ಲ.

ಹುಡುಗಿ ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟಳು.

"ಅಮ್ಮನಿಗೆ ಗೊತ್ತಿತ್ತಾ?"

"ಗೊತ್ತಿತ್ತು. ವಾಂತಿ ನಿಂತಾಗ, ಅಕ್ಕಾ, ನೀನಿದ್ದಿದ್ದಕ್ಕೆ ಬದುಕ್ಕೊಂಡೆ ಅಂದ್ಲು."

ದೊಡ್ಡಮ್ಮ ಕಣ್ಣೊರೆಸಿಕೊಂಡು ಎದ್ದಳು. ಲೋಟಕ್ಕೆ ನೀರು ಬಗ್ಗಿಸಿ, ಮಾತ್ರೆಯೊಂದನ್ನು ಬಿಡಿಸಿ ಹುಡುಗಿಯ ಮುಂದೆ ಹಿಡಿದಳು.

"ತಗೋತೀನಿ," ಅಂದಳು ಹುಡುಗಿ. "ಅದನ್ನ ಅಲ್ಲೇ ಇಡು. ನಿನ್ನ ಕೈಯಿಂದ ಮಾತ್ರ ಬೇಡ."