ಸೊಟ್ಟ ಎನ್ನಿಸಿಕೊಂಡ ಪಟ್ಟಿ

ನಾನೊಂದು ತೇಗದ ಅಡಿಪಟ್ಟಿ. ಬೆಟಗೇರಿಯ ಬಡಿಗೇರ ಮೌನೇಶಪ್ಪ ಮಗ್ಗ ಮಾಡಿ ಉಳಿದ ತುಂಡನ್ನು ಹೆರೆದು, ಅಂಕಿ ಕೊರೆದು ನನ್ನನ್ನು ಮಾಡಿದ. ಒಂದು ಕಣ್ಣು ಮುಚ್ಚಿ ನನ್ನ ಅಂಚಿನುದ್ದಕ್ಕೂ ನೋಡಿ, "ನೂಲು ಎಳದಂಗ ಐತಿ" ಅಂದ.

ಆ ಮಾತಿನ ಸೊಕ್ಕಿನಲ್ಲೇ ಜಂಪರ್ ಹೊಲಿಯುವ ಬಸಲಿಂಗವ್ವನ ಮನೆಗೆ ಬಂದೆ. ಅಲ್ಲಿ ಮೊದಲೇ ಇನ್ನೊಂದು ಪಟ್ಟಿ ಇತ್ತು. ಪ್ಲಾಸ್ಟಿಕ್ಕಿನದು, ಕುಡುಗೋಲಿನಂತೆ ಬಾಗಿದ್ದು. ಜಂಪರಿನ ಬಗಲು, ಕೊರಳು ಎಲ್ಲ ಅದರದೇ ಕಾರುಬಾರು. ಅದು ರೇಷ್ಮೆಯ ಮೇಲೆ ಜಾರುವಾಗ ನಾನು ಮಿಷನ್ನಿನಡಿ ಉರುಳಿದ ರೀಲು ಎಳೆಯುತ್ತಿದ್ದೆ, ಇಲ್ಲವೇ ಬಸಲಿಂಗವ್ವನ ಬೆನ್ನು ತುರಿಸುತ್ತಿದ್ದೆ. ಶುಕ್ರವಾರಕ್ಕೊಮ್ಮೆ ಅದನ್ನು ಒರೆಸಿ ಮೊಳೆಗೆ ತೂಗುಹಾಕುತ್ತಿದ್ದಳು. ನನ್ನನ್ನು ಯಾರು ಒರೆಸಬೇಕು.

ಅವಳ ಮಗಳು ನೀಲಾಂಬಿಕಾ ಹತ್ತನೇ ತರಗತಿ. ಪೂರ್ವಭಾವಿ ಪರೀಕ್ಷೆಯಲ್ಲಿ ಗಣಿತದಲ್ಲಿ ಪಾಸಾಗಲು ಮೂರು ಅಂಕ ಕಡಿಮೆ ಬಿದ್ದಿತ್ತು. "ಮುಂದಿನ ಸಲಾನೂ ಹಂಗ ಆತಂದ್ರ ಸಾಲಿ ಸಾಕು, ಮಿಷನ್ ತುಳಿ" ಎಂದಿದ್ದಳು ತಾಯಿ. ಮಗಳಿಗೆ ಕಾಲೇಜಿನ ಆಸೆ. ಸರಳರೇಖೆಯ ನಕ್ಷೆಗೆ ನಾಲ್ಕು ಅಂಕ. ಅದೊಂದು ಕೈಗೆ ಬಂದರೆ ದಾಟಿದಂತೆ.

ಒಂದು ಮಧ್ಯಾಹ್ನ y = 2x − 3 ಎಂದು ಬರೆದುಕೊಂಡು ಮೂರು ಚುಕ್ಕೆ ಇಟ್ಟಳು. x ಮೂರಾದರೆ y ಮೂರು. x ಒಂದಾದರೆ y ಋಣ ಒಂದು. x ಋಣ ಒಂದಾದಾಗಲೂ ಋಣ ಒಂದನ್ನೇ ಹಾಕಿದಳು. ನನ್ನನ್ನು ತಂದಿಟ್ಟಳು. ಎರಡು ಚುಕ್ಕೆ ಮುಟ್ಟಿದೆ, ಮೂರನೆಯದು ದೂರವೇ ಉಳಿಯಿತು. ಅತ್ತ ಸರಿಸಿದಳು, ಇತ್ತ ಸರಿಸಿದಳು.

"ಯವ್ವಾ, ಈ ಪಟ್ಟಿ ಸೊಟ್ಟ ಐತಿ."

"ಕಟ್ಟಿಗಿ ಅಲ್ಲೇನ, ಡೊಂಕಾಗಿರಬೇಕು. ಅದನ್ನ ತಗೋ," ಎಂದು ತಾಯಿ ಮೊಳೆಯ ಕಡೆ ಗದ್ದ ಎತ್ತಿದಳು.

ಬಾಗಿದ ಪಟ್ಟಿ ಮೂರು ಚುಕ್ಕೆಗಳನ್ನೂ ಒಂದೇ ಉಸಿರಿಗೆ ತಬ್ಬಿಕೊಂಡಿತು. ನೀಲಾ ಅದಕ್ಕೆ ಮುತ್ತು ಕೊಟ್ಟಳು. ನನ್ನ ಹೊಟ್ಟೆಗೆ ಬೆಂಕಿ ಬಿದ್ದದ್ದು ಆಗ.

ಮರುದಿನ ಅದು ಪುಸ್ತಕದ ನಡುವೆ, ನಾನು ಚೀಲದ ತಳದಲ್ಲಿ, ಇಬ್ಬರೂ ಶಾಲೆಗೆ ಹೋದೆವು. ಗಣಿತ ಕಲಿಸುವ ಮುಧೋಳ ಅಕ್ಕೋರು ನಕ್ಷೆ ನೋಡಿ ಕನ್ನಡಕ ಏರಿಸಿದರು.

"ಏನವಾ ನೀಲಾ, ಗೆರಿ ಎಳದಿಯೋ, ಜಂಪರಿನ ಬಗಲು ಕತ್ತರಿಸಿದಿಯೋ?"

ತರಗತಿಯೆಲ್ಲ ನಕ್ಕಿತು.

"ನಮ್ಮ ಕಟ್ಟಿಗಿ ಪಟ್ಟಿ ಸೊಟ್ಟ ಐತ್ರಿ ಅಕ್ಕೋರ. ಎರಡ ಚುಕ್ಕಿಗೆ ಅಷ್ಟ ಕೂಡತೈತಿ."

"ತಗಿ, ನೋಡೂಣು."

ಅಕ್ಕೋರು ಒಂದು ಕಣ್ಣು ಮುಚ್ಚಿ ನನ್ನ ಅಂಚಿನುದ್ದಕ್ಕೂ ನೋಡಿದರು. ಮೌನೇಶಪ್ಪನ ನಂತರ ಹಾಗೆ ನೋಡಿದವರು ಅವರೊಬ್ಬರೇ.

"ಪಟ್ಟಿ ನೆಟ್ಟಗ ಐತಿ. ಮೂರನೇ ಚುಕ್ಕಿ ಮುಟ್ಟವಲ್ದು ಅಂದ್ರ ಚುಕ್ಕಿನ ತಪ್ಪೈತಿ. ಲೆಕ್ಕ ಮತ್ತ ಮಾಡು."

ಋಣ ಎರಡರಿಂದ ಮೂರು ಕಳೆದರೆ ಋಣ ಐದು. ನೀಲಾ ಚುಕ್ಕೆಯನ್ನು ಕೆಳಗಿಳಿಸಿದಳು. ನಾನು ಹಾಳೆಯ ಮೇಲೆ ಮಲಗಿದೆ. ಮೂರೂ ನನ್ನ ಅಂಚಿಗೆ ಬಂದು ಕೂತವು.

ಪರೀಕ್ಷೆಗೆ ನನ್ನನ್ನೇ ಒಯ್ದಳು. ಅಲ್ಲಿಯೂ ಒಂದು ಚುಕ್ಕೆ ಹೊರಗೆ ನಿಂತಿತು. ಈ ಸಲ ನನ್ನನ್ನು ಬೈಯಲಿಲ್ಲ. ಅಳಿಸಿ, ಲೆಕ್ಕಕ್ಕೆ ಕೂತಳು. ಬೇಕಾದ್ದಕ್ಕಿಂತ ಎರಡೇ ಅಂಕ ಹೆಚ್ಚು ಬಂದು ಪಾಸಾದಳು.

ಈಗ ಅವಳು ಕಾಲೇಜಿಗೆ ಹೋಗುತ್ತಾಳೆ. ನನ್ನ ಅಂಕಿಗಳು ಮಾಸಿವೆ. ಮತ್ತೆ ಅದೇ ರೀಲು, ಅದೇ ಬೆನ್ನು. ಮನೆಗೆ ರೇಷ್ಮೆ ಬಂದಾಗಲೆಲ್ಲ ಈಗಲೂ ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ ಹೇಳಲಿ. ಆದರೆ ಫಲಿತಾಂಶದ ದಿನ ನೀಲಾ ತಾಯಿಗೆ, "ಪಟ್ಟಿ ಸೊಟ್ಟ ಇರಲಿಲ್ಲ ಯವ್ವಾ, ನಾನ ತಪ್ಪಿದ್ದೆ" ಅಂದಳಲ್ಲ, ಆಗ ಆ ಬಾಗಿದ ಪಟ್ಟಿಯೂ ಅಲ್ಲೇ ಮೊಳೆಯ ಮೇಲಿತ್ತು. ಕೇಳಿಸಿಕೊಂಡಿರಬೇಕು.